ಗಡಿನಾಡಿನ ಮಕ್ಕಳ ಕವಿತೆ: ಎರಡು ನುಡಿಗಳ ಅಂಗಳದಲ್ಲಿ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ನೂರು ವರ್ಷಗಳ ಸಾಧನೆಯನ್ನು ಹಿರಿಯರು ಈಗಾಗಲೇ ವಿವರಿಸಿದ್ದಾರೆ. ನಾವು ಒಂದು ತಪ್ಪನ್ನು ಒಪ್ಪಿಕೊಂಡು ಮಾತನ್ನು ಆರಂಭಿಸುತ್ತೇವೆ.

ಹಲವು ವರ್ಷಗಳ ಹಿಂದೆ ಏಳನೆಯ ಇಯತ್ತೆಯ ಬಾಲಕಿಯೊಬ್ಬಳು ಭಿತ್ತಿಪತ್ರಿಕೆಗೆ ಒಂದು ಕವಿತೆಯನ್ನು ಕೊಟ್ಟಳು. ಅರ್ಧ ಕನ್ನಡ, ಅರ್ಧ ಮರಾಠಿ. ಎರಡರಲ್ಲಿಯೂ 'ಆಯಿ' ಎಂಬ ಪದವಿತ್ತು. ನಮ್ಮ ಭಾಗದ ಕನ್ನಡ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಗಡಿಯಾಚೆ ಅಫಜಲಪುರ ತಾಲೂಕಿನ ಹಳ್ಳಿಯಲ್ಲಿ ಬೀಸುವ ಪದ ಹಾಡುವ ತನ್ನ ಆಯಿ, ಗಡಿಯೀಚೆ ಅಕ್ಕಲಕೋಟದಲ್ಲಿ ಊಟಕ್ಕೆ ಕರೆಯುವ ಗೆಳತಿಯ ಆಯಿ: ಇಬ್ಬರನ್ನೂ ಆ ಮಗು ಒಂದೇ ಪದದಿಂದ ಕೂಡಿಸಿತ್ತು. ನಾವಾದರೋ ಶುದ್ಧ ಕನ್ನಡದ ಅಭಿಮಾನದಿಂದ ಮರಾಠಿ ಭಾಗವನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, 'ಆಯಿ'ಯನ್ನು 'ಅಜ್ಜಿ' ಎಂದು ತಿದ್ದಿದೆವು. ಕವಿತೆ ಪ್ರಕಟವಾಯಿತು. ಆದರೆ ಆ ಬಾಲಕಿ ಮತ್ತೆಂದೂ ಕವಿತೆ ಕೊಡಲಿಲ್ಲ.

ನಾವು ತಿದ್ದಿದ್ದು ಈ ನೆಲದ ಸ್ವಭಾವವನ್ನೇ ಎಂಬುದು ಅನಂತರ ತಿಳಿಯಿತು. ಸೊನ್ನಲಿಗೆಯ ಸಿದ್ಧರಾಮರು 12ನೆಯ ಶತಮಾನದಲ್ಲಿ ಕನ್ನಡ ವಚನಗಳನ್ನು ನುಡಿದರು. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲುಗಳ ಹಿಂದೆ ನಡೆಯುವ ಜನ ಇಂದು ಅವರನ್ನು ಎರಡೂ ನುಡಿಗಳಲ್ಲಿ ನೆನೆಯುತ್ತಾರೆ. ಮರಾಠಿ ಮನೆಮಾತಿನ ವರಕವಿ ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಬೋಧಿಸಿದರು. ಅದೇ 1956ರ ನವೆಂಬರ್ 1ರಂದು ವಿಜಾಪುರ, ಕಲಬುರ್ಗಿಗಳು ಮೈಸೂರು ರಾಜ್ಯವನ್ನು ಸೇರಿದವು. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಗಡಿ ಬಂದಿತು, ಬೀಗತನ ನಿಲ್ಲಲಿಲ್ಲ.

ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರು ಮರಾಠಿ ಶಾಲೆಯಲ್ಲಿ ಕಲಿತವರು. ಸ್ವಂತ ಪರಿಶ್ರಮದಿಂದ ಕನ್ನಡವನ್ನು ವಶಮಾಡಿಕೊಂಡು ಸಿದ್ಧರಾಮರ ಪುರಾಣವನ್ನು ತ್ರಿಪದಿಯಲ್ಲಿ ರಚಿಸಿದರು. ವಚನಗಳನ್ನು ಮರಾಠಿಗೆ ಕೊಟ್ಟರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. ಎರಡು ನುಡಿ ಅವರಿಗೆ ಕೊರತೆಯಾಗಲಿಲ್ಲ, ಆಸ್ತಿಯಾಯಿತು.

"ಹೀಗೆ ಬೆರೆಸಿದರೆ ಕನ್ನಡ ಕೆಡುವುದಿಲ್ಲವೇ?" ಎಂದು ಕೆಲವು ಪಾಲಕರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಪದ ತಿಳಿಯದೆ ಬೆರೆಸುವುದು ಬೇರೆ, ತಿಳಿದು ಆರಿಸುವುದು ಬೇರೆ. ಮೊದಲನೆಯದಕ್ಕೆ ಪಾಠ ಬೇಕು. ಎರಡನೆಯದಕ್ಕೆ ಪ್ರೋತ್ಸಾಹ ಬೇಕು. ಯಾವುದು ಯಾವುದೆಂದು ಅರಿಯಲು ಒಂದೇ ದಾರಿ: ತಿದ್ದುವ ಮೊದಲು ಮಗುವನ್ನು ಕೇಳುವುದು. ಈಗ ನಮ್ಮ ಶಾಲೆಯಲ್ಲಿ ಅದೇ ರೂಢಿ.

ಪರೀಕ್ಷೆಗೆ ಬೇಕಾದ ಕನ್ನಡವನ್ನು ನಾವು ಕಲಿಸಬಲ್ಲೆವು. ಬದುಕಿಗೆ ಬೇಕಾದ ಕನ್ನಡ ಮನೆಯಿಂದ ಬರಬೇಕು. ಆಯಿಯ ಬಾಯಲ್ಲಿರುವ ಒಂದು ಹಾಡನ್ನಾದರೂ ಮಗುವಿನಿಂದ ಬರೆಯಿಸಿರಿ. ಅದನ್ನು ಮರಾಠಿಯ ಗೆಳತಿಗೆ ಅವಳ ನುಡಿಯಲ್ಲಿ ಹೇಳಿಸಿರಿ. ಹಾಗೆ ಹೇಳಹೊರಟ ಮಗು ಎರಡು ಭಾಷೆಗಳನ್ನೂ ಹೊಸದಾಗಿ ಕಲಿಯುತ್ತದೆ.

ಈ ಸ್ಮರಣ ಸಂಚಿಕೆಯ ಮಕ್ಕಳ ವಿಭಾಗದಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ ಇರಲಿದೆ. ಆ ಹಳೆಯ ಕವಿತೆಯ ಪ್ರತಿ ನಮ್ಮಲ್ಲಿ ಉಳಿದಿಲ್ಲ. ಅದನ್ನು ಬರೆದವಳು ಈ ಸಭೆಯಲ್ಲಿದ್ದರೆ ಅವಳಲ್ಲಿ ನಮ್ಮ ಕೋರಿಕೆ ಇಷ್ಟೇ: ತಂಗೀ, ನಿನಗಾಗಿ ಒಂದು ಪುಟವನ್ನು ಕಾಯ್ದಿರಿಸಿದ್ದೇವೆ. ನೀನು ಬರೆದಂತೆಯೇ ಅಚ್ಚಾಗುತ್ತದೆ.