ಊರಿನ ನಡುಮನೆ

(ಬಾನುಲಿ ಭಾಷಣ)

ನಮ್ಮ ಹಳೆಯ ಕವಿಗಳಿಗೆ ಒಂದು ಕಟ್ಟುಪಾಡಿತ್ತು. ಮಹಾಕಾವ್ಯವೆನ್ನಿಸಿಕೊಳ್ಳಬೇಕಾದರೆ ಅದರಲ್ಲಿ ಹದಿನೆಂಟು ವರ್ಣನೆಗಳು ಇರತಕ್ಕದ್ದು. ಆ ಹದಿನೆಂಟರಲ್ಲಿ ಪುರವರ್ಣನೆಯೂ ಒಂದು. ಕೋಟೆ, ಅಗಳು, ಸೌಧಗಳ ಸಾಲು, ಅಂಗಡಿಬೀದಿ, ಹೂವಾಡಗಿತ್ತಿಯರು, ಇವೆಲ್ಲ ಬಂದುಹೋದ ಹೊರತು ಕಥೆ ಮುಂದೆ ಸಾಗುವಂತಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಗಳಲ್ಲಿ ಈ ವರ್ಣನೆಗಳನ್ನು ಪಾಠ ಹೇಳಿದವನು ನಾನು. ಪರೀಕ್ಷೆಯ ದೃಷ್ಟಿಯಿಂದ ಇವು ಮುಖ್ಯವಲ್ಲವೆಂದು ಎಷ್ಟೋ ಸಲ ಪುಟ ಮಗುಚಿದವನೂ ನಾನೇ. ನಿವೃತ್ತನಾದ ಮೇಲೆ ಬೀದಿಯಲ್ಲಿ ನಿಧಾನವಾಗಿ ನಡೆಯುವ ಭಾಗ್ಯ ಬಂದಿದೆ. ನಡೆಯುತ್ತ ನಡೆಯುತ್ತ ಒಂದು ಪ್ರಶ್ನೆ ಏಳುತ್ತದೆ: ಈ ಹೊತ್ತು ಒಬ್ಬ ಕವಿ ನಮ್ಮ ಊರಿನ ಪುರವರ್ಣನೆಗೆಂದು ಕುಳಿತರೆ ಏನನ್ನು ಬರೆದಾನು?

ನಮ್ಮ ಊರೆಂದರೆ ಮೈಸೂರು. ಬಾನುಲಿಯಲ್ಲಿ ಮೈಸೂರಿನ ಮಾತನ್ನಾಡುವುದಕ್ಕೆ ಒಂದು ಸಲಿಗೆಯೂ ಉಂಟು. 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿ. ಒಂದು ಸಂಸ್ಥೆ ಒಂದು ಮನೆಯ ಕೋಣೆಯಿಂದ ದೇಶಕ್ಕೆಲ್ಲ ಹೆಸರಾಗಬಲ್ಲದು. ಹಾಗೆಯೇ ಒಂದು ಊರಿನ ಹೆಸರು ಅದರ ನಡುವಿನ ನಾಲ್ಕು ಬೀದಿಗಳಿಂದ ಬೆಳಗುತ್ತದೆ, ಮಾಸುತ್ತದೆ. ಆ ನಾಲ್ಕು ಬೀದಿಗಳನ್ನು ನಾನು ಊರಿನ ನಡುಮನೆ ಎಂದು ಕರೆಯುತ್ತೇನೆ. ಮನೆಗೆ ಎಷ್ಟೇ ಕೋಣೆಗಳಿರಲಿ, ಬಂದವರನ್ನು ಕೂರಿಸುವುದು, ಹಸೆ ಹಾಕುವುದು, ಜಗಳವಾಡಿ ರಾಜಿಯಾಗುವುದು ಎಲ್ಲವೂ ನಡುಮನೆಯಲ್ಲಿಯೇ ಅಲ್ಲವೆ?

ಮೈಸೂರಿನ ನಡುಮನೆ ಒಂದೇ ದಿನ ಕಟ್ಟಿದ್ದಲ್ಲ. 1886ರಲ್ಲಿ ಚಿಕ್ಕ ಗಡಿಯಾರ ಬಂತು. 1892ರಲ್ಲಿ ವೈಸ್‌ರಾಯ್ ಲಾನ್ಸ್‌ಡೌನ್ ಪ್ರಭು ಬಂದುದರ ನೆನಪಿಗೆ ಎರಡು ಅಂತಸ್ತಿನ ಲಾನ್ಸ್‌ಡೌನ್ ಕಟ್ಟಡ ಎದ್ದಿತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಹೊಸ ಅರಮನೆ 1912ರ ಹೊತ್ತಿಗೆ ಮುಗಿಯಿತು. ಬೆಂಕಿ ಕಲಿಸಿದ ಪಾಠವನ್ನು ಕಟ್ಟುವವರು ಮರೆಯಲಿಲ್ಲ. ಈ ಸಲ ಕಲ್ಲಿಗೂ ಕಬ್ಬಿಣಕ್ಕೂ ಮೊದಲ ಮಣೆ. ಕಲ್ಯಾಣಮಂಟಪದ ಎರಕದ ಕಂಬಗಳು ದೂರದ ಗ್ಲಾಸ್ಗೋದಿಂದ ಬಂದವು. ಈ ನಡುವೆ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಪ್ಲೇಗಿನ ಹೊಡೆತ ತಿಂದಿದ್ದ ಊರಿಗೆ ಗಾಳಿ, ಬೆಳಕು, ಚರಂಡಿ, ಅಗಲವಾದ ರಸ್ತೆ ಇವುಗಳ ಬೆಲೆ ಗೊತ್ತಾಗಿದ್ದ ಕಾಲ ಅದು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ದೊಡ್ಡ ಗಡಿಯಾರ ನಿಂತಿತು. ಅದರ ಮುಖದ ಮೇಲೆ ಕನ್ನಡದ ಅಂಕಿಗಳು. ಅಲ್ಲಿಂದ ಮುಂದೆ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಸಾಹೇಬರು ವೃತ್ತಗಳನ್ನೂ ಉದ್ಯಾನಗಳನ್ನೂ ತಿದ್ದಿ ತೀಡಿದರು.

ಇವೆಲ್ಲ ಒಂದೇ ಶೈಲಿಯವೆ? ಖಂಡಿತ ಅಲ್ಲ. ಅರಮನೆಯ ಗುಮ್ಮಟಗಳದು ಒಂದು ಕುಲ, ಲಾನ್ಸ್‌ಡೌನ್ ಕಟ್ಟಡದ್ದು ಇನ್ನೊಂದು, ಗಡಿಯಾರದ ಗೋಪುರದ್ದು ಮತ್ತೊಂದು. ಶಾಸ್ತ್ರ ಬಲ್ಲವರು ಇದನ್ನು ಬೆರಕೆಯೆಂದು ಮೂಗು ಮುರಿಯಬಹುದು. ಆದರೂ ಈ ಬೆರಕೆಯಲ್ಲಿ ಒಂದು ಮರ್ಯಾದೆಯಿತ್ತು. ಅಂಗಡಿಗಳ ಸಾಲು ಅರಮನೆಗಿಂತ ತಲೆಯೆತ್ತಲಿಲ್ಲ. ಮಾರುಕಟ್ಟೆಯ ಬಾಗಿಲು ಗಡಿಯಾರದ ಕಡೆ ಮುಖಮಾಡಿತು. ವೃತ್ತದಲ್ಲಿ ನಿಂತವನಿಗೆ ನಾಲ್ಕು ದಿಕ್ಕಿಗೂ ನೋಟ ಹರಿಯಿತು. ಒಂದು ಸಭೆಯಲ್ಲಿ ಬೇರೆ ಬೇರೆ ಮನೆತನದವರು ಕುಳಿತಿದ್ದರೂ ಒಬ್ಬರು ಮಾತನಾಡುವಾಗ ಇನ್ನೊಬ್ಬರು ಕೇಳುವಂತಹ ಶಿಸ್ತು ಅದು. ವಾಸ್ತುವಿನ ಗುಣವೆಂದು ನಾನು ಕರೆಯುವುದು ಇದನ್ನೇ. ಕಟ್ಟಡ ತನ್ನಷ್ಟಕ್ಕೆ ಎಷ್ಟು ಚೆಂದ ಎಂಬುದು ಆಮೇಲಿನ ಮಾತು. ಪಕ್ಕದ ಕಟ್ಟಡದೊಡನೆಯೂ ಕೆಳಗೆ ನಡೆದುಹೋಗುವ ಮನುಷ್ಯನೊಡನೆಯೂ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಮೊದಲಿನ ಮಾತು.

ನಾನು ಎಂ. ಎ. ಓದುತ್ತಿದ್ದ ಕಾಲದಲ್ಲಿ ಮಾನಸಗಂಗೋತ್ರಿಯಿಂದ ನಡೆದು ಬಂದು ಲಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳಲ್ಲಿ ಸಂಜೆ ಕಳೆಯುತ್ತಿದ್ದೆ. ಕೊಳ್ಳುವುದು ಒಂದು, ನಿಂತು ಓದುವುದು ನಾಲ್ಕು. ಅಂಗಡಿಯವರು ನಮ್ಮ ಬಡತನವನ್ನು ಬಲ್ಲವರಾದ್ದರಿಂದ ಗದರಿಸುತ್ತಿರಲಿಲ್ಲ. ಅಲ್ಲಿಂದ ದೇವರಾಜ ಮಾರುಕಟ್ಟೆಯನ್ನು ಹೊಕ್ಕರೆ ಮಲ್ಲಿಗೆ, ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ಗೋಪುರಗೋಪುರವಾಗಿ ಒಟ್ಟಿದ ಕುಂಕುಮ. ಮೇಲೆ ಸೂರಿನ ಸಂದಿನಿಂದ ಇಳಿಯುವ ಬೆಳಕು. ಹದಿನೆಂಟು ವರ್ಣನೆಗಳನ್ನು ನಾನು ಓದಿದ್ದು ಪುಸ್ತಕದಲ್ಲಿ. ಅದರ ಟೀಕೆಯನ್ನು ಓದಿದ್ದು ಈ ಮಾರುಕಟ್ಟೆಯಲ್ಲಿ.

2012ರ ಆಗಸ್ಟ್ ತಿಂಗಳಲ್ಲಿ ಲಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜೀವಗಳು ಹೋದವು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗ ಬಿದ್ದಿತು. ಅನಂತರ ನಡೆದ ಚರ್ಚೆಯನ್ನು ತಾವೆಲ್ಲ ಬಲ್ಲಿರಿ. ಕೆಡವಿ ಹೊಸದನ್ನು ಕಟ್ಟಬೇಕೆಂದು ಒಂದು ಪಕ್ಷ, ದುರಸ್ತಿ ಮಾಡಿ ಉಳಿಸಬೇಕೆಂದು ಇನ್ನೊಂದು ಪಕ್ಷ. ತಜ್ಞರ ಸಮಿತಿಗಳು ಕುಳಿತವು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಕೆಡವಬೇಕೆಂದವರನ್ನು ಸೌಂದರ್ಯದ ಶತ್ರುಗಳೆಂದು ಹಳಿಯುವುದು ಸುಲಭ. ನಾನು ಹಳಿಯಲಾರೆ. ನಾಲ್ಕು ಜನ ಸತ್ತ ಮೇಲೆ ಕಮಾನಿನ ಚೆಲುವನ್ನು ಕುರಿತು ಮಾತನಾಡುವವನಿಗೆ ಕೊಂಚ ನಾಚಿಕೆ ಇರಬೇಕು. ಹೆಂಡತಿ ಮಕ್ಕಳ ಅನ್ನವನ್ನು ಆ ಸೂರಿನ ಕೆಳಗೆ ದುಡಿಯುವ ವ್ಯಾಪಾರಿಗೆ ಸೂರು ಗಟ್ಟಿಯಾಗಿರಬೇಕೆನ್ನುವ ಹಕ್ಕು ನಮ್ಮೆಲ್ಲರಿಗಿಂತ ಹೆಚ್ಚು. ಅವನು ಕೇಳುವ ಇನ್ನೊಂದು ಪ್ರಶ್ನೆಯೂ ನ್ಯಾಯವಾದದ್ದು: ದುರಸ್ತಿಯೋ ಹೊಸ ಕಟ್ಟಡವೋ, ಕೆಲಸ ಮುಗಿಯುವವರೆಗೆ ನಾನು ಎಲ್ಲಿ ಕೂರಲಿ? ಮುಗಿದ ಮೇಲೆ ನನ್ನ ಜಾಗ ನನಗೆ ಸಿಕ್ಕೀತೇ? ಇದಕ್ಕೆ ಉತ್ತರವಿಲ್ಲದ ಯೋಜನೆ ಎಷ್ಟು ಸುಂದರವಾಗಿದ್ದರೂ ಅರ್ಧ ಯೋಜನೆಯೇ.

ಆದರೆ ಕುಸಿದದ್ದಕ್ಕೆ ಮುಪ್ಪೇ ಕಾರಣವೆಂದರೆ ಒಪ್ಪುವುದು ಕಷ್ಟ. ಗಾರೆಯ ಕಟ್ಟಡ ಸಾಯುವ ಬಗೆ ಬೇರೆ. ನಮ್ಮ ಹಿರಿಯರು ಸುಣ್ಣ, ಮರಳು, ಇಟ್ಟಿಗೆಯ ಪುಡಿ ಸೇರಿಸಿ ಅರೆದ ಗಾರೆಯಲ್ಲಿ ಗೋಡೆ ಎಬ್ಬಿಸಿದರು. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚು ಮೇಲಾಗಿ ಜೋಡಿಸಿ ಮದರಾಸು ತಾರಸಿ ಹಾಕಿದರು. ಈ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಅದಕ್ಕೆ ಬೇಕಾದದ್ದು ಸ್ವಲ್ಪವೇ: ತಾರಸಿಯ ನೀರು ನಿಲ್ಲದಂತೆ ದೋಣಿ ಚೊಕ್ಕಟವಾಗಿರಬೇಕು, ಸಂದಿನಲ್ಲಿ ಬೇರುಬಿಟ್ಟ ಅರಳಿಯ ಸಸಿಯನ್ನು ಚಿಕ್ಕದಿರುವಾಗಲೇ ಕೀಳಬೇಕು, ಬಿರುಕಿಗೆ ಮತ್ತೆ ಗಾರೆಯನ್ನೇ ತುಂಬಬೇಕು. ನಾವು ದೋಣಿಯನ್ನು ಕಟ್ಟಿಕೊಳ್ಳಲು ಬಿಡುತ್ತೇವೆ. ಅರಳಿಯನ್ನು ಕೀಳಲು ಅಂಜುತ್ತೇವೆ. ಬಿರುಕಿಗೆ ಸಿಮೆಂಟು ಮೆತ್ತುತ್ತೇವೆ. ಸಿಮೆಂಟು ತೇವವನ್ನು ಹೊರಗೆ ಬಿಡದು. ಒಳಗೆ ಕುಳಿತ ನೀರು ಗಾರೆಯನ್ನು ಸಡಿಲಿಸುತ್ತದೆ, ತೊಲೆಯ ತುದಿಯನ್ನು ಕೊಳೆಯಿಸುತ್ತದೆ. ಹೊರಗೆ ಸುಣ್ಣಬಣ್ಣ, ಒಳಗೆ ಕ್ಷಯ. ಒಂದು ದಿನ ಧೋ ಎಂದು ಮಳೆ ಬರುತ್ತದೆ.

ಇಲ್ಲಿ ನನಗೆ ನಮ್ಮ ಶಾಸನಗಳ ಒಂದು ಮಾತು ನೆನಪಾಗುತ್ತದೆ. ಕನ್ನಡ ನಾಡಿನ ಎಷ್ಟೋ ದಾನಶಾಸನಗಳಲ್ಲಿ, ದೇವಾಲಯಕ್ಕೆ ಭೂಮಿ ಬಿಡುವಾಗ, ಪೂಜೆಗೆ ಇಷ್ಟು, ನಂದಾದೀಪಕ್ಕೆ ಇಷ್ಟು ಎಂದು ಹೇಳುವುದರ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂದೂ ಹೇಳಿರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು, ಜೀರ್ಣವೆಂದರೆ ಹಳತಾದದ್ದು. ಕಟ್ಟಿದ್ದು ಮುರಿಯುತ್ತದೆ, ಬಿರಿಯುತ್ತದೆ, ಹಳತಾಗುತ್ತದೆ ಎಂಬುದನ್ನು ದಾನಿ ಮೊದಲೇ ಬಲ್ಲವನಾಗಿದ್ದ. ಪ್ರತಿಷ್ಠೆಯ ದಿನದಂದೇ ದುರಸ್ತಿಯ ಖರ್ಚಿಗೂ ಗದ್ದೆಯನ್ನು ಬಿಟ್ಟಿದ್ದ. ನಾವು ಇಂದು ಶಂಕುಸ್ಥಾಪನೆ ಮಾಡುತ್ತೇವೆ, ಉದ್ಘಾಟನೆ ಮಾಡುತ್ತೇವೆ, ಎರಡಕ್ಕೂ ಕಲ್ಲು ನೆಡುತ್ತೇವೆ. ಆದರೆ ಆ ಕಲ್ಲಿನ ಮೇಲೆ ಖಂಡಸ್ಫುಟಿತದ ಮಾತು ಇರುವುದಿಲ್ಲ. ಬಾಡಿಗೆ ಹತ್ತಾರು ವರ್ಷ ಹಿಂದಿನದೇ ಉಳಿದರೆ ಮಾಲೀಕನಿಗೆ ದುರಸ್ತಿಯ ಹಣವಿಲ್ಲ; ಸೂರು ಸೋರಿದರೆ ಬಾಡಿಗೆದಾರನಿಗೆ ಹೆಚ್ಚು ಕೊಡುವ ಮನಸ್ಸಿಲ್ಲ. ಇಬ್ಬರ ನಡುವೆ ಕಟ್ಟಡ ಅನಾಥವಾಗುತ್ತದೆ.

ಶ್ರೋತೃಗಳೇ, ಇಷ್ಟು ಹೊತ್ತು ಊರಿನ ಮೇಲೆ ತೀರ್ಪು ಹೇಳಿದೆ. ಈಗ ನನ್ನದೇ ತಪ್ಪನ್ನು ಹೇಳಿಕೊಳ್ಳಬೇಕು. ಅಗ್ರಹಾರದ ಒಂದು ಬೀದಿಯಲ್ಲಿ ನಮ್ಮದೊಂದು ಹಳೆಯ ಮನೆಯಿತ್ತು. ಬೀದಿಗೆ ಜಗುಲಿ, ಎರಡು ಮರದ ಕಂಬ, ಒಳಗೆ ತೊಟ್ಟಿ. ನನ್ನ ತಂದೆ ತೀರಿಕೊಂಡ ಮೇಲೆ ಅದನ್ನು ಕೆಡವಿಸಿದೆ. ಕೆಳಗೆ ಮೂರು ಅಂಗಡಿ, ಮೇಲೆ ಎರಡು ಬಾಡಿಗೆ ಮನೆ. ಮಗಳ ಮದುವೆಯ ಸಾಲ ತೀರಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬೀದಿಯಲ್ಲಿ ಮಳೆ ಬಂದಾಗ ದಾರಿಹೋಕರು ನಿಲ್ಲುತ್ತಿದ್ದ ಜಗುಲಿ ನಮ್ಮದು. ಈಗ ಅಲ್ಲಿ ಕಬ್ಬಿಣದ ಬಾಗಿಲುಗಳಿವೆ. ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಪ್ರತಿ ವರ್ಷವೂ ವೈಶಾಖದಲ್ಲಿ ಒಂದು ಸಾಲು: ಹೆಂಚು ಕೈಯಾಡಿಸಿದ್ದಕ್ಕೆ ಕೂಲಿ, ಸುಣ್ಣಕ್ಕೆ ಇಷ್ಟು. ಇಪ್ಪತ್ತೇಳು ವರ್ಷ ಒಂದೂ ತಪ್ಪಿಲ್ಲ. ತಂದೆಯ ಕೈಬರಹ ತೊಡಗಿದ ಮೇಲೆ ಆ ಸಾಲು ಎರಡು ವರ್ಷಕ್ಕೊಮ್ಮೆ, ಆಮೇಲೆ ನಾಲ್ಕು ವರ್ಷಕ್ಕೊಮ್ಮೆ, ಆಮೇಲೆ ಇಲ್ಲ. ಮನೆ ಹಳತಾಗಿದೆ, ಇನ್ನು ಉಳಿಯದು ಎಂದು ಮೇಸ್ತ್ರಿ ನನಗೆ ಹೇಳಿದಾಗ ನಾನು ನಂಬಿದೆ. ಪುಸ್ತಕ ಬೇರೆಯದನ್ನೇ ಹೇಳುತ್ತಿತ್ತು.

ಹಾಗಾದರೆ ಹೊಸದನ್ನು ಕಟ್ಟಲೇಬಾರದೇ? ಲಕ್ಷಾಂತರ ಜನವಿರುವ ಊರು ವಸ್ತುಸಂಗ್ರಹಾಲಯವಾಗಿ ಬದುಕಲಾರದು. ಹೊಸದು ಬರಲಿ. ಆದರೆ ಈಗ ಬರುತ್ತಿರುವ ಹೊಸದರಲ್ಲಿ ಎರಡು ಜಾತಿಗಳು ನನಗೆ ಕಾಣುತ್ತವೆ. ಒಂದು, ಮೈಗೆಲ್ಲ ಗಾಜು ಹೊದ್ದದ್ದು. ನಮ್ಮ ಬಿಸಿಲಿನಲ್ಲಿ ಅದು ಒಲೆಯಂತೆ ಕಾಯುತ್ತದೆ; ತಂಪು ಮಾಡಲು ಹಗಲೆಲ್ಲ ವಿದ್ಯುತ್ತು ಸುರಿಯಬೇಕು. ಇನ್ನೊಂದು, ಪಾರಂಪರಿಕ ಶೈಲಿಯೆಂದು ಕಾಂಕ್ರೀಟಿನ ಪೆಟ್ಟಿಗೆಯ ಮೇಲೆ ಒಂದು ಗುಮ್ಮಟವನ್ನು ಅಂಟಿಸಿಕೊಂಡದ್ದು. ಹಳಗನ್ನಡದ ನಾಲ್ಕು ಪದಗಳನ್ನು ಸಿಕ್ಕಿಸಿದ ಮಾತ್ರಕ್ಕೆ ಪದ್ಯ ಚಂಪೂ ಆಗದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಕಟ್ಟಡಕ್ಕೂ ಅದೇ ಮಾತು. ಹೊಸ ಕಟ್ಟಡ ಹೊಸದಾಗಿಯೇ ಇರಲಿ, ಆದರೆ ಬೀದಿಯ ಎತ್ತರವನ್ನು ಮೀರದಿರಲಿ. ನಡೆಯುವವನಿಗೆ ಎರಡು ಮಾರು ನೆರಳು ಕೊಡಲಿ. ಮೂಲೆಯಲ್ಲಿ ನಿಂತಾಗ ಎರಡು ಬೀದಿಗೂ ಮುಖವಿರಲಿ. ಕಮಾನುಗಳನ್ನೆಲ್ಲ ಜಾಹೀರಾತಿನ ಹಲಗೆ ನುಂಗದಿರಲಿ. ಮೇಲಿನ ಅಂತಸ್ತಿನಲ್ಲಿ ಒಂದಿಷ್ಟು ಸಂಸಾರಗಳೂ ವಾಸವಾಗಿರಲಿ. ರಾತ್ರಿ ಒಂಬತ್ತರ ಮೇಲೆ ದೀಪ ಕಾಣದ ನಡುಮನೆಯನ್ನು ಯಾರು ಕಾಯುತ್ತಾರೆ?

ಎಲ್ಲಕ್ಕಿಂತ ಮೊದಲಾಗಿ, ಊರಿನ ಸಾರ್ವಜನಿಕ ಕಟ್ಟಡ ಹಳೆಯದಾಗಲಿ ಹೊಸದಾಗಲಿ, ಅದರ ಬಾಡಿಗೆಯ ಒಂದು ಪಾಲು ಅದರ ದುರಸ್ತಿಗೇ ಮೀಸಲಾಗಬೇಕು. ಬೇರೆ ಯಾವ ಖರ್ಚಿಗೂ ಅದನ್ನು ಮುಟ್ಟಕೂಡದು. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಬಲ್ಲವನೊಬ್ಬ ತಾರಸಿ ಹತ್ತಿ ನೋಡಿ ಬಂದು, ನೋಡಿದ್ದನ್ನು ಬಾಗಿಲಲ್ಲಿ ಬರೆದು ಅಂಟಿಸಬೇಕು. ಇದಕ್ಕೆ ಹೊರದೇಶದ ತಜ್ಞರು ಬೇಕಿಲ್ಲ. ಬೇಕಾದದ್ದು ಒಂದು ಏಣಿ, ಒಬ್ಬ ಒಳ್ಳೆಯ ಗಾರೆಯವನು, ಲೆಕ್ಕದ ಪುಸ್ತಕದಲ್ಲಿ ತಪ್ಪದ ಒಂದು ಸಾಲು. ಲಾನ್ಸ್‌ಡೌನ್ ಕಟ್ಟಡದ, ದೇವರಾಜ ಮಾರುಕಟ್ಟೆಯ ಹಣೆಬರಹ ಏನೇ ಆಗಲಿ, ಈ ಸಾಲು ಇಲ್ಲದಿದ್ದರೆ ಅವುಗಳ ಜಾಗದಲ್ಲಿ ಏನು ನಿಂತರೂ ಅದು ಅಷ್ಟು ವರ್ಷ ನಿಲ್ಲಲಾರದು.

ಅಜ್ಜನ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಅದರಲ್ಲಿ ಇನ್ನೂ ಹತ್ತಾರು ಹಾಳೆಗಳು ಖಾಲಿ ಇದ್ದವು. ಮೂರು ವರ್ಷದಿಂದ ವೈಶಾಖದಲ್ಲಿ ನಾನೂ ಬರೆಯುತ್ತಿದ್ದೇನೆ: ತಾರಸಿಯ ದೋಣಿ ತೆಗೆಸಿದ್ದಕ್ಕೆ ಕೂಲಿ. ಕಳೆದ ವರ್ಷ ಇನ್ನೊಂದು ಸಾಲು ಸೇರಿತು. ಅಂಗಡಿಗಳ ಮುಂದೆ ಬೀದಿಯುದ್ದಕ್ಕೂ ಒಂದು ಸೂರು ಇಳಿಬಿಡಿಸಿ, ಕೆಳಗೆ ಕಲ್ಲಿನ ಕಟ್ಟೆ ಹಾಕಿಸಿದೆ. ಜಗುಲಿಯಲ್ಲ, ಆದರೂ ಮೊನ್ನೆ ಮಳೆಯಲ್ಲಿ ಒಬ್ಬ ಸೊಪ್ಪಿನ ಹೆಂಗಸು ಪುಟ್ಟಿಯನ್ನು ಇಳಿಸಿ ಅಲ್ಲಿ ಕುಳಿತಿದ್ದಳು.