ವಿದ್ಯಾಲಯದ ಜೀವಶಾಸ್ತ್ರವೂ ಊರಿನ ಜನರೂ



ಕಾಲೇಜಿನ ಜೀವಶಾಸ್ತ್ರ ವಿಭಾಗವು ಊರಿನವರಿಗೆ ಬಾಗಿಲು ತೆರೆದು ಉಪನ್ಯಾಸಗಳನ್ನು ಏರ್ಪಡಿಸುವುದು ಅಭಿನಂದನೀಯವಾದ ಕಾರ್ಯವು. ಆದರೆ ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ದೂರದಿಂದ ಬಂದ ವಿದ್ವಾಂಸರು ಮಾತನಾಡುವರು. ನಾವು ಕೈತಟ್ಟಿ ಮನೆಗೆ ತೆರಳುವೆವು. ಅದೇ ಕಟ್ಟಡದ ಕಪಾಟಿನಲ್ಲಿ, ನಮ್ಮ ತೋಡು, ತೋಟ, ಗುಡ್ಡೆಗಳನ್ನು ಕುರಿತು ನಮ್ಮ ಮಕ್ಕಳೇ ಬರೆದ ಪ್ರಬಂಧಗಳು ಧೂಳು ಹಿಡಿದು ಕುಳಿತಿರುವುವು. ಇವೆರಡನ್ನೂ ಒಂದುಗೂಡಿಸಬೇಕೆಂಬುದೇ ನನ್ನ ವಿಜ್ಞಾಪನೆ.

ಒಂದು ಕಾಲದಲ್ಲಿ ಈ ಸೀಮೆಯ ಹುಡುಗನು ಪದವಿಗಾಗಿ ಮಂಗಳೂರಿನ ಹಾದಿ ಹಿಡಿಯಬೇಕಾಗಿತ್ತು. ೧೯೬೫ರಲ್ಲಿ ಮೂಡಬಿದಿರೆಯ ಶ್ರೀ ಮಹಾವೀರ ಕಾಲೇಜೂ, ೧೯೬೬ರಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜೂ, ೧೯೬೮ರಲ್ಲಿ ಬಂಟ್ವಾಳದ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜೂ ಹುಟ್ಟಿದುವು. ವಿದ್ಯೆಯು ಮನೆಯ ಬಾಗಿಲಿಗೆ ಬಂದಿತು, ನಿಜ. ಹೊಸ್ತಿಲನ್ನು ದಾಟಿ ಒಳಕ್ಕೆ ಬಂದಿದೆಯೇ ಎಂಬುದೇ ಪ್ರಶ್ನೆ.

ಶಾಸ್ತ್ರವು ಜನರ ಬಳಿಗೆ ಬಂದಾಗ ಏನಾಗುವುದೆಂಬುದಕ್ಕೆ ಅಡಕೆಯ ಕೊಳೆರೋಗವೇ ಸಾಕ್ಷಿ. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುವಾಗ, ನಮ್ಮ ಹಿರಿಯರು ಗೊನೆಗಳಿಗೆ ಕೊಟ್ಟೆ ಕಟ್ಟಿ ನೀರನ್ನು ತಡೆಯುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಗೆ ೧೯೦೮ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಮಹಾಶಯನು ಈ ರೋಗವನ್ನು ಪರೀಕ್ಷಿಸಿ, ೧೯೧೦ರಲ್ಲಿ ತನ್ನ ಬರಹವನ್ನು ಪ್ರಕಟಿಸಿದನು. ಫೈಟಾಫ್ತರಾ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಮೂಲ. ಅದರ ಬೀಜಕಣಗಳು ಕಾಯಿಯ ಮೇಲಿನ ತೆಳುವಾದ ನೀರಿನಲ್ಲಿ ಈಜಿ ಒಳಹೊಗುವುವು. ಆದುದರಿಂದಲೇ ಮಳೆ ಹಿಡಿಯುವ ಮುನ್ನವೇ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸತಕ್ಕದ್ದು. ಕೊಟ್ಟೆ ಕಟ್ಟಿದ ಹಿರಿಯನು ದಡ್ಡನಾಗಿರಲಿಲ್ಲ. ನೀರೇ ಶತ್ರುವಿನ ವಾಹನವೆಂಬುದನ್ನು ಅವನು ಕಣ್ಣಿನಿಂದಲೇ ಅರಿತಿದ್ದನು. ಶಾಸ್ತ್ರವು ಅವನ ಅನುಭವಕ್ಕೆ ಕಾರಣವನ್ನು ಜೋಡಿಸಿತು. ೧೯೫೬ರಲ್ಲಿ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿಯೇ ಅಡಕೆಯ ಸಂಶೋಧನಾ ಕೇಂದ್ರವು ಸ್ಥಾಪಿತವಾಗಿ, ಆ ಕಾರ್ಯವು ನಮ್ಮ ನೆಲದಲ್ಲಿಯೇ ಬೇರೂರಿತು.

ಶಾಸ್ತ್ರವು ತಡವಾಗಿ ತಲುಪಿದರೆ ಏನಾದೀತೆಂಬುದನ್ನೂ ನೋಡೋಣ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು. ಮನುಷ್ಯರೂ ಜ್ವರದಿಂದ ಮಡಿದರು. ರೋಗವನ್ನು ಹರಡುವುದು ಉಣ್ಣಿಯೆಂದು ವಿಜ್ಞಾನಿಗಳು ಕಂಡುಕೊಂಡರು. ಇಪ್ಪತ್ತೈದು ವರ್ಷಗಳ ಬಳಿಕ, ೧೯೮೨-೮೩ರಲ್ಲಿ, ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಸುತ್ತ ಕಾಡನ್ನು ಕಡಿದ ಮೇಲೆ ಅದೇ ಮಂಗನ ಕಾಯಿಲೆಯು ಕಾಣಿಸಿಕೊಂಡು ಬಹು ಜೀವಗಳನ್ನು ಕೊಂಡಿತು. ಸತ್ತ ಮಂಗವು ಬರಲಿರುವ ಆಪತ್ತಿನ ಡಂಗುರವೆಂದೂ, ಅದನ್ನು ಮುಟ್ಟದೆ ಕೂಡಲೆ ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕೆಂದೂ ಘಟ್ಟದ ಮೇಲೆ ಗೊತ್ತಿದ್ದ ವಿಷಯವು ಘಟ್ಟದ ಕೆಳಗಿನ ಎಷ್ಟು ಮನೆಗಳನ್ನು ತಲುಪಿತ್ತು? ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗುವ ಬಡವನು ವಿಜ್ಞಾನ ಪತ್ರಿಕೆಗಳನ್ನು ಓದುವವನಲ್ಲ. ಅವನಿಗೆ ತಿಳಿಯುವ ನುಡಿಯಲ್ಲಿ ಹೇಳುವವರು ಬೇಕು.

ಗ್ರಂಥವನ್ನು ಕಾಪಾಡುವುದು ದೊಡ್ಡ ಪುಣ್ಯ; ಆದರೆ ಅದು ಅರ್ಧ ಪುಣ್ಯ ಮಾತ್ರ. ಇದಕ್ಕೆ ಮೂಡಬಿದಿರೆಗಿಂತ ಉತ್ತಮವಾದ ದೃಷ್ಟಾಂತವು ಎಲ್ಲಿದೆ? ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಇಲ್ಲಿಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುವು. ಭಕ್ತರು ಅವುಗಳ ದರ್ಶನ ಪಡೆಯುತ್ತಿದ್ದರು. ಓದುವವರು ಅತಿ ವಿರಳರಾಗಿದ್ದರು. ೧೮೯೬ರಲ್ಲಿ ಪ್ರತಿ ತೆಗೆಯುವ ಕಾರ್ಯವು ಮೊದಲಾಗಿ, ೧೯೩೯ರಿಂದ ಅದು ಅಚ್ಚಾಗತೊಡಗಿದ ಮೇಲೆಯೇ ದೇಶದ ವಿದ್ವಾಂಸರೆಲ್ಲರ ಕೈಸೇರಿತು. ನಮ್ಮ ಪ್ರಯೋಗಶಾಲೆಯ ಕಪಾಟುಗಳೂ ಬರಿಯ ದರ್ಶನದ ವಸ್ತುಗಳಾಗಬಾರದು.

ಆದುದರಿಂದ ನನ್ನ ಸೂಚನೆಯು ಇಷ್ಟೇ. ವರುಷಕ್ಕೊಂದು ಬಾರಿಯಾದರೂ ಉಪನ್ಯಾಸದ ವೇದಿಕೆಯನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿರಿ. ಬಂಟ್ವಾಳದ ವಿದ್ಯಾರ್ಥಿಯು ಮಳೆಯ ಅಳತೆಯನ್ನೂ, ಮರದಡಿಯಲ್ಲಿ ಉದುರಿದ ಕಾಯಿಗಳ ಎಣಿಕೆಯನ್ನೂ ವಾರವಾರ ಬರೆದಿಡಲಿ. ಬೆಳ್ತಂಗಡಿಯವನು ಕಾಡಂಚಿನ ಗಿಡಮರಗಳ ಪಟ್ಟಿಯನ್ನು ಮಾಡಲಿ. ಮೂಡಬಿದಿರೆಯವಳು ಕೆರೆಗಳಲ್ಲಿ ಸೊಳ್ಳೆಯ ಮರಿಗಳೆಷ್ಟು, ಅವನ್ನು ತಿನ್ನುವ ಮೀನುಗಳೆಷ್ಟು ಎಂದು ನೋಡಲಿ. ಬಳಿಕ ಅದನ್ನು ಕನ್ನಡದಲ್ಲಿ, ತೋಟವನ್ನು ತೋರಿಸಿದ ಕೃಷಿಕನ ಎದುರಿಗೇ ನಿಂತು ಓದಿ ಹೇಳಲಿ.

ವಿದ್ಯಾರ್ಥಿಯ ಸಂಶೋಧನೆಯು ಎಳಸಾದುದು, ಸಭೆಯಲ್ಲಿ ನಗೆಗೀಡಾದೀತು ಎಂದು ಕೆಲವರು ಆಕ್ಷೇಪಿಸಬಹುದು. ಎಳಸಾಗಿದ್ದರೆ ಸಭೆಯೇ ಅದನ್ನು ಹಣ್ಣು ಮಾಡುವುದು. ನಲವತ್ತು ಮಳೆಗಾಲ ಕಂಡ ಕೃಷಿಕನು ಎದ್ದು ನಿಂತು, "ತಮ್ಮಾ, ನೀನು ಎಣಿಸಿದ ಕಾಯಿಗಳಲ್ಲಿ ಗಾಳಿಗೆ ಬಿದ್ದವೆಷ್ಟು, ಕೊಳೆತು ಬಿದ್ದವೆಷ್ಟು?" ಎಂದು ಕೇಳಿದರೆ, ಅದಕ್ಕಿಂತ ಕಠಿಣನಾದ ಪರೀಕ್ಷಕನು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ದೊರೆಯನು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹುಡುಗನು ಮರುದಿನ ಮತ್ತೆ ತೋಟಕ್ಕೆ ಹೋದನೆಂದರೆ, ಆ ದಿನವೇ ಅವನ ನಿಜವಾದ ವಿದ್ಯಾಭ್ಯಾಸವು ಆರಂಭವಾಯಿತೆಂದು ತಿಳಿಯಬೇಕು.

ಉಪಾಧ್ಯಾಯ ಬಂಧುಗಳೇ, ಈ ಕಾರ್ಯಕ್ಕೆ ಹೆಚ್ಚಿನ ಹಣವು ಬೇಕಾಗಿಲ್ಲ. ಒಂದು ಕೊಠಡಿ, ಒಂದು ಸಂಜೆ, ಕೇಳುವ ಮನಸ್ಸು ಇವಿಷ್ಟೇ ಸಾಕು. ಬರುವ ಮಳೆಗಾಲಕ್ಕೆ ಮುನ್ನ ಕಪಾಟಿನ ಬೀಗವನ್ನು ತೆರೆಯಿರಿ ಎಂದು ಬೇಡಿಕೊಂಡು, ನನ್ನ ಮಾತುಗಳನ್ನು ಮುಗಿಸುತ್ತೇನೆ.