ಬಾಣಂತಿ ಕೋಣೆಯ ನಗು

ಕೂಸಿಗೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ, ಹೊಸ ಅಂಗಿ ತೊಡಿಸಿ ಮುಗಿಸುವಷ್ಟರಲ್ಲಿ ಅದು ಅಂಗಿಯನ್ನೂ ಅಮ್ಮನ ಮಡಿಲನ್ನೂ ಒಟ್ಟಿಗೇ ಒದ್ದೆ ಮಾಡಿರುತ್ತದೆ. ಮನೆಮಂದಿಯೆಲ್ಲ ನಗುತ್ತಾರೆ. ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಬಾಣಂತಿಯೂ ನಗುತ್ತಾಳೆ. ಮರುಗಳಿಗೆಯಲ್ಲೇ ಅವಳ ಕಣ್ಣು ತುಂಬಿಕೊಳ್ಳುತ್ತದೆ. ಹೆರಿಗೆಯಾದ ಮೇಲೆ ಹಾರ್ಮೋನುಗಳು ದಿಢೀರನೆ ಇಳಿಯುತ್ತವೆ, ಮೊದಲ ದಿನಗಳಲ್ಲಿ ಇಂಥ ಅಳು ಸಹಜ. ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಎಳೆಗೂಸು ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಹಾಗಿರುವಾಗ ನೋಡಲು ಬಂದವರು "ಹಾಲು ಸಾಲುತ್ತಾ? ಯಾಕಿಷ್ಟು ಸೊರಗಿದ್ದೀಯ?" ಎಂದು ಕೇಳುವುದು ನನಗಂತೂ ಸರಿ ಕಾಣುವುದಿಲ್ಲ. ಕೂಸನ್ನು ಸ್ವಲ್ಪ ಹೊತ್ತು ಎತ್ತಿಕೊಳ್ಳಿ. ಮೆಣಸಿನ ಸಾರು ಆರುವ ಮೊದಲೇ ಅವಳು ನಾಲ್ಕು ತುತ್ತು ಉಣ್ಣಲಿ.